ನೀಲಗಂಗಮ್ಮನ ಚಾಳೀಸು

ಮಾನ್ವಿಯಲ್ಲಿ ಕೌದಿ ಎಂದರೆ ನೀಲಗಂಗಮ್ಮ, ಎರಡು ಮಾತಿಲ್ಲ. ಅದಕ್ಕೇ ಕಣ್ಣು ಮಂಜಾದದ್ದನ್ನು ಆಕೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಸೊಸೆ ಗೋಪಮ್ಮ ಚೊಚ್ಚಲ ಬಸುರಿ. ಹೆರಿಗೆಗೆಂದು ಪೋತ್ನಾಳದ ತವರಿಗೆ ಹೊರಡುವಾಗ ಅತ್ತೆ ತನ್ನ ಹಳೆಯ ಸೀರೆಗಳ ಕೌದಿಯನ್ನು ಕೈಯಾರೆ ಹೊಲಿದು ಕೊಡುವುದು ಆ ಮನೆಯ ಪದ್ಧತಿ. ಅದನ್ನು ತಪ್ಪಿಸುವ ಹೆಣ್ಣೇ ನೀಲಗಂಗಮ್ಮ? ಅಂದಾಜಿನ ಮೇಲೆ ಹೊಲಿಯುತ್ತಿದ್ದಳು. "ಕಣ್ಣಿಗೊಂದು ಚಾಳೀಸು ತಗೋರಿ ಅತ್ತಿ" ಎಂದು ಸೊಸೆ ಒಮ್ಮೆ ಅಂದದ್ದಕ್ಕೆ, "ಚಾಳೀಸು ಹಾಕ್ಕೊಳ್ಳಾಕ ನಾನೇನು ಲೆಕ್ಕಾ ಬರಿಯೋ ಪಟವಾರಿ ಏನ?" ಎಂದು ಹರಿಹಾಯ್ದಿದ್ದಳು. ಸೂಜಿಗೆ ದಾರ ಮಾತ್ರ ಗೋಪಮ್ಮನೇ ಪೋಣಿಸಿಕೊಡಬೇಕಿತ್ತು.

ಎರಡನೇ ಮಹಾಯುದ್ಧ ಮುಗಿದ ವರ್ಷ ಅದು. ಸಂತೆಯ ಬಯಲಿನಲ್ಲಿ ಸಿನಿಮಾ ಡೇರೆ ಹಾಕಿದ್ದ ಅಮೀರ್ ಸಾಬ್, ಕಥೆಯ ಸಿನಿಮಾಕ್ಕೆ ಮೊದಲು ವಿಲಾಯತಿಯ ಒಂದು ತುಂಡು ಚಿತ್ರ ಬಿಟ್ಟ. ಅತ್ತೆ ಸೊಸೆ ಇಬ್ಬರೂ ಹೆಂಗಸರ ಸಾಲಿನಲ್ಲಿ ಕೂತಿದ್ದರು. ಕನ್ನಡಕದ ಗಾಜು, ದುರ್ಬೀನು ಮಾಡುವ ಕಾರ್ಖಾನೆಯದು. ಹಾಡಿಲ್ಲ, ಮಾತಿಲ್ಲ. ಗಾಜು ಗರಗರ ತಿರುಗುತ್ತದೆ, ಬೆಳಕು ಬಾಗುತ್ತದೆ, ಹಿತ್ತಾಳೆಯ ಕೊಳವೆಯೊಳಗೆ ಚಂದ್ರ ಉರುಳುತ್ತಾನೆ. "ಲೇ ಸಾಬ, ಸಿನಿಮಾದ ರಾಣಿ ಎಲ್ಲದಾಳೋ?" ಎಂದು ಗಂಡಸರು ಸಿಳ್ಳೆ ಹೊಡೆದರು.

ಅಷ್ಟರಲ್ಲಿ ಪರದೆಯ ತುಂಬ ಒಂದು ಕಣ್ಣು ಬಂತು. ಒಂದೇ ಕಣ್ಣು, ಆನೆಯಷ್ಟು! ರೆಪ್ಪೆ ಬಡಿಯದೆ ನೋಡತೊಡಗಿತು. ಬಸುರಿಯನ್ನು ಹೀಗೆ ನೋಡಿದರೆ ಸುಮ್ಮನಿರಲಾದೀತೆ? ನೀಲಗಂಗಮ್ಮ ಸೊಸೆಯ ಹೊಟ್ಟೆಗೆ ತನ್ನ ಸೆರಗು ಹೊದಿಸಿ, "ಥೂ ಥೂ, ನಿನ್ನ ನೆದರಿಗೆ ಮಣ್ಣು ಬೀಳ್ಲಿ!" ಎಂದು ದೃಷ್ಟಿ ತೆಗೆಯಲು ಲಟಿಕೆ ಮುರಿದಳು. ಆಕೆಯನ್ನು ನೋಡಿ ಉಳಿದ ಹೆಂಗಸರೂ ಮುರಿದರು. ಡೇರೆಯೆಲ್ಲ ಚಟಚಟ.

ಕಣ್ಣು ಹೋಗಿ ಸೂಜಿ ಬಂತು. ಮೊದಲು ಮಸುಕು ಗೆರೆ. ಮುಂದೊಂದು ಗಾಜು ಬಂದು ನಿಂತದ್ದೇ ತಡ, ಸೂಜಿ ಕಂಬದಷ್ಟಾಯಿತು, ಅದರ ತೂತಿನೊಳಗೆ ಹಗ್ಗದಂಥ ದಾರ ಸಲೀಸಾಗಿ ತೂರಿತು. ಲಟಿಕೆ ಮುರಿಯಲು ಎತ್ತಿದ್ದ ನೀಲಗಂಗಮ್ಮನ ಕೈ ಹಾಗೇ ನಿಂತಿತು. ಸೂಜಿಯ ತೂತು ಕಂಡು ಎಷ್ಟು ಕಾಲವಾಗಿತ್ತು! ದುಃಖ ಒತ್ತರಿಸಿ ಬಂತು.

"ಗೋಪಿ, ನನಗ ಕಾಣಸಂಗಿಲ್ಲ ಬೇ."

ಗೋಪಮ್ಮ ಅತ್ತೆಯ ಕೈ ಹಿಡಿದುಕೊಂಡಳು. "ನಾಳಿ ಸಂತಿ ಅದರಿ, ಹೋಗೂಣು."

ಸಂತೆಯಲ್ಲಿ ಚಾಳೀಸು ಮಾರುವ ಸತ್ತಾರ್ ಸಾಬನ ಹತ್ತಿರ ನೀಲಗಂಗಮ್ಮ ಒಂದೊಂದನ್ನೇ ಮೂಗಿಗೇರಿಸಿ ನೋಡಿದಳು. ಸೂಜಿಗೆ ದಾರ ಹೋಗುವವರೆಗೂ ಜಾಗ ಬಿಟ್ಟು ಕದಲಲಿಲ್ಲ. ಮನೆಗೆ ಬಂದವಳೇ ಹೊಸ ಚಾಳೀಸು ಏರಿಸಿ ಕೌದಿ ಹರವಿದಳು.

ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಕಣ್ಣು ಹೋದರೂ ಕೈ ಹೋಗಿಲ್ಲ ಎಂದು ಹಿಗ್ಗಿದಳು. ಇನ್ನಷ್ಟು ಬಾಗಿ ನೋಡಿದರೆ, ಸಾಲುಗಳ ಪಕ್ಕದಲ್ಲೇ ಸೂಜಿಯ ಹಳೆಯ ತೂತುಗಳು, ಕುಡುಕ ನಡೆದಂತೆ ಅಡ್ಡಾದಿಡ್ಡಿ. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ತೂತುಗಳು ತನ್ನವು, ಹೊಲಿಗೆ ತನ್ನದಲ್ಲ.

"ಯಾವಾಗ ಮಾಡ್ದಿ ಬೇ ಇದನ್ನ?"

ಗೋಪಮ್ಮ ತಲೆ ತಗ್ಗಿಸಿದಳು. "ಮಧ್ಯಾಹ್ನ ನೀವು ಅಡ್ಡಾದಾಗ್ರಿ. ನಮ್ಮ ತವರಾಗ ನಿಮ್ಮ ಕೌದಿ ನೋಡಿ ಯಾರೂ ನಗಬಾರ್ದಂತ."

"ಕಳ್ಳಿ!" ಎಂದಳು ನೀಲಗಂಗಮ್ಮ. ಚಾಳೀಸು ತೆಗೆದು ಕಣ್ಣು ಒರೆಸಿಕೊಂಡಳು, ಮತ್ತೆ ಹಾಕಿಕೊಂಡು ಸೂಜಿಗೆ ತಾನೇ ದಾರ ಪೋಣಿಸಿದಳು.

"ಉಳಿದ ಸಾಲು ನಾನ ಹೊಲೀತೀನಿ. ಸೊಟ್ಟಾದ್ರ ಸೊಟ್ಟಾಗ್ಲಿ. ಬಿಚ್ಚಿದ್ರ ನೋಡು ಮತ್ತ!"