ಜ್ವರಕ್ಕೆ ಕೂತ ಭೂಮಿ

“ಒಂಬತ್ತು ಗಂಟೆಗೇ ಹಿಂಗ್ ಕಾಯ್ತಾ ಅದಲ್ಲ, ಇನ್ನು ಮಧ್ಯಾನಕ್ಕೆ ಏನ್ ಮಾಡನ?”

ಭಾನು ಕೇಳಿದ್ದು ಯಾರನ್ನೂ ಅಲ್ಲ. ಹುಳದ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ತಟ್ಟೆ ತಟ್ಟೆ ರೇಷ್ಮೆ ಹುಳು. ಅವೂ ಮೂರನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ಊರಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ, ದೇವರ ಮುಂದೆ ಕೂತ ಹಾಗೆ ತಲೆಯೆತ್ತಿ ಕೂತುಬಿಡುತ್ತದೆ. ಸುಣ್ಣದ ಪುಡಿ ಉದುರಿಸಿ ಬಿಟ್ಟರೆ ತಾನೇ ಏಳುತ್ತದೆ; ಎದ್ದ ಮೇಲೆ ಅದರ ಹಸಿವು ನೋಡಬೇಕು.

ಭಾನು ಗೋಣಿತಾಟು ನೆನೆಸಿ ಕಿಟಕಿಗಳಿಗೆ ಇಳಿಬಿಟ್ಟಳು. ಅವಳು ಚಿಕ್ಕವಳಿದ್ದಾಗ ಇದೆಲ್ಲ ಬೇಕಿರಲಿಲ್ಲ; ಮನೆಯ ಹಿಂದಿನ ಗುಂಡುತೋಪಿನ ನೆರಳೇ ಒಳಗೆಲ್ಲ ತಣ್ಣಗಿಡುತ್ತಿತ್ತು. ಈಚೆಗೆ ಬೇಸಿಗೆ ಬಂತೆಂದರೆ ಹುಳುವಿಗೆ ಸಪ್ಪೆರೋಗ. ಮೆತ್ತಗಾಗಿ, ಕಪ್ಪಗಾಗಿ, ನಾರುತ್ತ ಸಾಯುತ್ತವೆ. ತೋಪೂ ಹೋದರೆ ಈ ಮನೆಯಲ್ಲಿ ಹುಳು ಸಾಕಲು ಆಗುವುದಿಲ್ಲವೆಂದೇ ಲೆಕ್ಕ.

ಅವ್ವ ಚಿಕ್ಕನಿಂಗಮ್ಮ ಹಂಗಳದ ಕಡೆ ಈರುಳ್ಳಿ ಕೀಳುವ ಕೂಲಿಗೆ ಹೋಗಿದ್ದಳು. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಹೇಳಿಕೊಳ್ಳಲು ಇದ್ದವಳು ಗೆಳತಿ ಭವ್ಯ ಒಬ್ಬಳೇ. ಗುಂಡ್ಲುಪೇಟೆಯಲ್ಲಿ ಇಬ್ಬರೂ ಪಿಯುಸಿ ಓದುವಾಗ ಮೇಷ್ಟರೊಬ್ಬರು, “ಆಕಾಶಕ್ಕೆ ಹೊಗೆಯ ಕಂಬಳಿ ಹೊದಿಸಿಬಿಟ್ಟಿದ್ದೇವೆ, ಭೂಮಿಗೆ ಜ್ವರ ಬಂದಿದೆ, ಏನಾದರೂ ಮಾಡುವುದಿದ್ದರೆ ನೀವೇ” ಅಂದಿದ್ದರು. ಆವತ್ತು ಬಸ್ಸಿನುದ್ದಕ್ಕೂ ಗೆಳತಿಯರಿಗೆ ಅದೇ ಮಾತು. ತೋಪಿನ ಬಯಲಿನಲ್ಲೆಲ್ಲ ಹೊಂಗೆ ಸಸಿ ಇಡಬೇಕು, ಊರಿಗೆಲ್ಲ ತಿಳಿಸಬೇಕು ಎಂದು. ಮಾಘದಲ್ಲಿ ಭವ್ಯಳನ್ನು ನಂಜನಗೂಡಿಗೆ ಕೊಟ್ಟರು. ಆಮೇಲೆ ಭಾನು ಆ ಮಾತನ್ನು ಹುಳುಗಳ ಹತ್ತಿರ ಮಾತ್ರ ಆಡುತ್ತಿದ್ದಳು.

ಆ ಸಂಜೆ ಮಾದಪ್ಪನ ಗುಡಿಯ ಮುಂದೆ ಊರು ಸೇರಿತು. ತೋಪಿನ ಮರವೆಲ್ಲ ಇಟ್ಟಿಗೆ ಗೂಡಿನವನಿಗೆ ಕೊಟ್ಟು ಗುಡಿಗೆ ತಾರಸಿ ಹಾಕಿಸುವ ಮಾತು. ಎಂದಿನಂತೆ ಮೊದಲು ಭಾನುವಿನಿಂದ ಮಾದಪ್ಪನ ಪದ ಹಾಡಿಸಿದರು. ಹಾಡು ಮುಗಿದರೂ ಅವಳು ಕೂರಲಿಲ್ಲ.

“ಯಜಮಾನ್ರೆ, ತೋಪು ಕಡೀಬ್ಯಾಡಿ. ಭೂಮಿಗೆ ಜ್ವರ ಬಂದದ.”

ಊರಿನ ಯಜಮಾನ ಸಿದ್ದಮಲ್ಲಪ್ಪನ ಮುಖ ಅರಳಿತು. “ಒಳ್ಳೇದೇ ಆಯ್ತಲ್ಲ ಕೂಸು. ಎಷ್ಟನೇ ಜ್ವರ?”

“ನಾಕ್ನೇದೇ ಇರ್ಬೇಕು!” ಅಂದ ಸೊಪ್ಪಿನ ಗಾಡಿಯ ಕನಕರಾಜು. “ಎದ್ದು ಕೂತ್ರೆ ನನ್ ಗಾಡಿ ಸೊಪ್ಪು ಒಂದ್ ಬಾಯ್ಗೂ ಸಾಲಲ್ಲ ಕಣ್ಲಾ!”

“ಸುಣ್ಣದ ಪುಡಿ ಉದುರ್ಸಿ ಸುಮ್ನಿರಿ, ತಾನೇ ಏಳ್ತದ,” ಅಂದಳು ಶಿವಮ್ಮ. ಅವಳು ನಗುತ್ತಿರಲಿಲ್ಲ. ಜ್ವರ ಬಂತೆಂದರೆ ಹುಳು ಬೆಳೆಯುತ್ತಿದೆ ಎಂದೇ ಅವಳಿಗೆ ಗೊತ್ತಿದ್ದದ್ದು.

“ಆ ಜ್ವರ ಅಲ್ಲ ಶಿವಮ್ಮಕ್ಕ...”

“ಮತ್ಯಾವ್ದಮ್ಮಿ, ಮಲೇರಿಯಾನಾ?” ಕನಕರಾಜು ಕೇಳಿದ. ಊರಿಗೆ ಊರೇ ನಕ್ಕಿತು. ನಗು ನಿಲ್ಲುವ ಮೊದಲೇ ಮಾತು ತಾರಸಿಯ ಕಡೆ ಹೊರಟುಹೋಗಿತ್ತು.

ಬೆಳಿಗ್ಗೆ ತಟ್ಟೆ ಗುಡಿಸುವಾಗ ಸತ್ತ ಹುಳುವೊಂದು ಕೈಗೆ ಮೆತ್ತಿಕೊಂಡಿತು. ಆಗ ಅವಳಿಗೆ ಸರಿಯಾದ ಮಾತು ಹೊಳೆಯಿತು. ಕೈ ತೊಳೆದವಳೇ ಸಿದ್ದಮಲ್ಲಪ್ಪನ ಮನೆಯ ಹಾದಿ ಹಿಡಿದಳು. ಅವನು ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ.

“ಯಜಮಾನ್ರೆ, ಭೂಮಿಗೆ ಬಂದಿರಾದು ಜ್ವರ ಅಲ್ಲ. ಸಪ್ಪೆ.”

ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. “ಸಪ್ಪೆಯಾ?”

“ಹೂಂ. ತಾನಾಗೇ ಏಳಲ್ಲ.”

ಸಪ್ಪೆ ಬಿದ್ದ ಮನೆಯನ್ನು ಕಂಡವನೇ ಅವನು. ಎಲೆಯನ್ನು ಮಡಿಸದೆ ಪಕ್ಕಕ್ಕಿಟ್ಟ. “ನೆನ್ನೆನೇ ಹಿಂಗನ್ಬಾರ್ದಾ ಕೂಸು? ಈಗ ಇಟ್ಟಿಗೆಯವ್ನಿಗೆ ಮಾತು ಕೊಟ್ಬುಟ್ಟೆ. ಬೇರೆ ಕೆಲ್ಸ ಆಗಿದ್ರ ತಪ್ಪಿಸ್ಕಬೌದಿತ್ತು, ದೇವ್ರು ಕೆಲ್ಸ. ನಾಳೆ ಕೊಡ್ಲಿ ಬೀಳ್ತದ.”

ಭಾನು ಹೊರಡಲು ತಿರುಗಿದಳು. ಅವನು ಜಗಲಿ ಇಳಿದು ಬಂದ. ಅವನ ದನಿ ಕುಗ್ಗಿತ್ತು.

“ಕಡಿಯಕ್ ಮುಂಚೆ ಪೂಜೆ ಅದ. ಬಂದು ಒಂದು ಪದ ಹಾಡ್ಬುಡವ್ವ. ನಿನ್ ಬಾಯಲ್ಲಿ ಮಾದಪ್ಪನ ಹೆಸ್ರು ಬಂದ್ರ ಮರ್ಗೊಳ್ಗೂ ಸಮಾದಾನ, ನಮ್ಗೂ ಸಮಾದಾನ.”

ಮಾದಪ್ಪನ ಹೆಸರು ಹೇಳಿ ಹಾಡು ಕೇಳಿದಾಗ ಅವಳು ಒಮ್ಮೆಯೂ ಇಲ್ಲವೆಂದಿದ್ದಿಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಯಜಮಾನನ ಮುಖವನ್ನೇ ನೋಡಿ ಹೇಳಿದಳು:

“ನಾ ಹಾಡಲ್ಲ.”