ಅಪ್ಪ ಏನು ಹೇಳ್ತಾರೆ ಅಂದ್ರೆ

"ತಲೆ ಕಡೆಯಿಂದ ಹಿಡ್ಕೊಳ್ಳಿ, ತಲೆ ಕಡೆಯಿಂದ!" ಎಂದು ನುಹಾ ಒಮ್ಮೆ ತುರ್ಕಿಯಲ್ಲಿ, ಒಮ್ಮೆ ಅರಬಿಯಲ್ಲಿ ಕೂಗಿದಳು. ನಗರಸಭೆಯ ಗಾಡಿಯಿಂದ ಅಪ್ಪನ ಶವಪೆಟ್ಟಿಗೆ ಇಳಿಸುತ್ತಿದ್ದವರಲ್ಲಿ ಇಬ್ಬರು ಈ ಊರಿನವರು, ನಾಲ್ವರು ನುಹಾಳ ಮನೆಯವರಂತೆ ಯುದ್ಧಕ್ಕೆ ಹೆದರಿ ಅಲೆಪ್ಪೊದಿಂದ ಓಡಿ ಬಂದವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಪೆಟ್ಟಿಗೆ ಓಲಾಡುತ್ತಿತ್ತು. ಅಂತೂ ಇಂತೂ ಅದು ಮಸೀದಿಯಂಗಳದ ಕಲ್ಲುಕಟ್ಟೆಯ ಮೇಲೆ ಕೂತಿತು.

ಬೆಳಗಿನಿಂದ ಅವಳ ಬಾಯಿಗೆ ಬಿಡುವೇ ಸಿಕ್ಕಿರಲಿಲ್ಲ. ಆಸ್ಪತ್ರೆಯ ಕಾಗದ, ಮೈ ತೊಳೆಯುವವನ ಪ್ರಶ್ನೆ, ಗೋರಿಯ ನಂಬರು ಎಲ್ಲವೂ ಅವಳ ಮೂಲಕವೇ ಹಾದು ಹೋಗಬೇಕು. ಅಳಲು ಪುರುಸೊತ್ತಾಗಿರಲಿಲ್ಲ. ಅಳು ಬಂದೂ ಇರಲಿಲ್ಲ, ಆ ಮಾತು ಬೇರೆ.

ಹೆಂಗಸರ ಸಾಲಿಗೆ ಬಂದು ನಿಂತಳೋ ಇಲ್ಲವೋ, ಪಕ್ಕದ ಮನೆಯ ಉಮ್ ಸುಭಿ ತೋಳು ಹಿಡಿದುಕೊಂಡಳು.

"ನಿಮ್ಮಪ್ಪ ಹೊಲಿದ ರಜಾಯಿ ಇಲ್ಲದ ಮನೆ ನಮ್ಮ ಬೀದೀಲಿ ಒಂದಾದ್ರೂ ಇದ್ಯಾ ಮಗಳೇ? ಅವನು ಹತ್ತಿ ತುಂಬಿದ್ರೆ ಹತ್ತು ಚಳಿಗಾಲ ಗಂಟು ಕಟ್ತಿರಲಿಲ್ಲ."

"ಹೌದು ಖಾಲಾ."

ಮುದುಕಿ ದನಿ ತಗ್ಗಿಸಿದಳು. "ಈಗ ಹೇಳ್ಬಾರ್ದು, ಆದ್ರೂ... ಮಂಗಳವಾರ ಕಣ್ಣಿನ ಡಾಕ್ಟರ ಹತ್ರ ಹೋಗೋದಿದೆ. ನುಹಾನ್ನ ಕರ್ಕೊಂಡು ಹೋಗು ಅಂತ ನಿಮ್ಮಪ್ಪನೇ ಹೇಳಿದ್ದ."

"ಅಪ್ಪ ಎಲ್ಲರಿಗೂ ಹೇಳಿರ್ತಾರೆ. ಬರ್ತೀನಿ ಬಿಡಿ."

*

ಗಡಿ ದಾಟಿ ಬಂದು ಈ ಆಂತೆಪ್ ಊರಿನ ಶಾಲೆಗೆ ಸೇರಿದಾಗ ನುಹಾಳಿಗೆ ಹತ್ತು ವರ್ಷ. ಭಾಷೆ ಬಾರದವಳೆಂದು ಆರು ವರ್ಷದ ಮಕ್ಕಳ ಜೊತೆ ಒಂದನೇ ತರಗತಿಯಲ್ಲಿ ಕೂರಿಸಿದರು. ಬೆಂಚಿನ ಕೆಳಗೆ ಮೊಣಕಾಲು ಹಿಡಿಸುತ್ತಿರಲಿಲ್ಲ. ಅವಳ ಅಪ್ಪ ಜುಮಾ, ತಾನು ಹೊಲಿಯುವ ರಜಾಯಿಯ ಗುಲಾಬಿ ಸ್ಯಾಟಿನ್ ತುಂಡಿನಲ್ಲಿ, ಒಳಗೆ ಹತ್ತಿ ಕೊಟ್ಟು, ಚೀಲ ಹೊಲಿದುಕೊಟ್ಟಿದ್ದ. ಮಕ್ಕಳು ಅದನ್ನು ದಿಂಬು ಮಾಡಿ ಮಲಗಿದಂತೆ ನಟಿಸಿ ನಗುತ್ತಿದ್ದರು. ಟೀಚರ್ ಏನು ಕೇಳಿದರೂ ನುಹಾ ಎದ್ದು ಹೋಗಿ ಬೋರ್ಡು ಒರೆಸಿ ಬರುತ್ತಿದ್ದಳು. ಅದೊಂದು ಕೆಲಸಕ್ಕೆ ಯಾರೂ ಬೈಯುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಆರು ತಿಂಗಳು ಅವಳು ಬಾಯಿ ಬಿಡಲಿಲ್ಲ.

ಸಂಜೆ ಅಪ್ಪ ಸೂಜಿಗೆ ದಾರ ಪೋಣಿಸುತ್ತ ಕೇಳುತ್ತಿದ್ದ. "ಇವತ್ತಿನದು ಒಂದು ಮಾತು ಹೇಳಮ್ಮ." ಅವಳು ಹೇಳಿದ್ದನ್ನು ಹೊಲಿಗೆಗೊಮ್ಮೆ ಗುನುಗುತ್ತಿದ್ದ. ಮರುದಿನ ಕೇಳಿದರೆ ಅದು ಹಾರಿಹೋಗಿರುತ್ತಿತ್ತು. "ನನ್ನ ತಲೇಲಿ ಬರೀ ಹತ್ತಿ ಕಣೇ," ಎಂದು ನಗುತ್ತಿದ್ದ.

ಒಂದು ದಿನ ಕರೆಂಟ್ ಆಫೀಸಿನಲ್ಲಿ ಅವನು ಕೈಸನ್ನೆ ಮಾಡಿ ಮಾಡಿ ಸೋತು ಬೆವರುತ್ತಿದ್ದಾಗ ಅವಳ ಬಾಯಿ ತಾನಾಗಿಯೇ ಬಿಚ್ಚಿಕೊಂಡಿತು. "ಅಪ್ಪ ಏನು ಹೇಳ್ತಾರೆ ಅಂದ್ರೆ..." ಎಂದು ತುರ್ಕಿಯಲ್ಲಿ ಶುರುಮಾಡಿದಳು. ಅಪ್ಪ ಅವತ್ತು ಇಡೀ ಬೀದಿಗೆ ಹೇಳಿಕೊಂಡು ಬಂದ. ಅಲ್ಲಿಗೆ ಅವಳು ಬೀದಿಯವರ ಸೊತ್ತಾದಳು. ಒಬ್ಬಳ ಹೆರಿಗೆ, ಒಬ್ಬನ ಮುರಿದ ಕಾಲು, ಇನ್ನೊಬ್ಬರ ಬಾಡಿಗೆ ಜಗಳ, ಎಲ್ಲಕ್ಕೂ ಅವಳೇ ಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಗೇಟಿನಾಚೆ ಅಪ್ಪನ ಟೋಪಿ ಗಾಳಿಯಲ್ಲಿ ಆಡಿದರೆ ಅವಳು ಪುಸ್ತಕ ಮುಚ್ಚಬೇಕು. ಬರುವುದಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಅಪ್ಪನ ಮುಖ ಅಷ್ಟು ಅರಳಿರುತ್ತಿತ್ತು.

ಅವಳಿಗೆ ಹದಿನಾಲ್ಕಾದಾಗ ನೆರ್ಮಿನ್ ಟೀಚರ್ ಅಪ್ಪನನ್ನು ಕರೆಸಿದರು. ಅವನು ಇಸ್ತ್ರಿ ಅಂಗಿ ತೊಟ್ಟು, ಹುಬ್ಬಿನಲ್ಲಿ ಹತ್ತಿಯ ಎಳೆ ಇಟ್ಟುಕೊಂಡೇ, ಮಕ್ಕಳ ಬೆಂಚಿನಲ್ಲಿ ಕೂತ. ನಡುವೆ ದುಭಾಷಿ ಯಾರು? ನುಹಾಳೇ.

"ಎರಡು ತಿಂಗಳಲ್ಲಿ ಮೂವತ್ತೊಂದು ದಿನ ತಪ್ಪಿಸಿದ್ದಾಳೆ," ಎಂದರು ಟೀಚರ್. "ಇವಳು ನರ್ಸಿಂಗ್ ಶಾಲೆಗೆ ಸೇರೋ ಹುಡುಗಿ. ಹೀಗೇ ಕರ್ಕೊಂಡು ಹೋಗ್ತಿದ್ರೆ ಮಗಳ ಬಾಳನ್ನ ನೀವೇ ಹಾಳು ಮಾಡ್ದಂಗೆ. ಹೇಳು ನಿಮ್ಮಪ್ಪನಿಗೆ, ಇದ್ದದ್ದು ಇದ್ದ ಹಾಗೆ."

ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ, ಮಿಠಾಯಿಗೆ ಕಾದ ಮಗುವಿನ ಹಾಗೆ.

"ನಾನು ಚೆನ್ನಾಗಿ ಓದ್ತೀನಂತೆ," ಎಂದಳು ನುಹಾ.

ಅಪ್ಪ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. "ಅವರ ಕೈಗೆ ದೇವರು ಬಲ ಕೊಡಲಿ ಅಂತ ಹೇಳಮ್ಮ."

ಅವಳು ಟೀಚರ ಕಡೆ ತಿರುಗಿದಳು. "ಅಪ್ಪ ಏನು ಹೇಳ್ತಾರೆ ಅಂದ್ರೆ, ಇನ್ನು ಮೇಲೆ ಕರ್ಕೊಂಡು ಹೋಗಲ್ವಂತೆ."

ಮರುದಿನ ಹನ್ನೊಂದಕ್ಕೆ ಸರಿಯಾಗಿ ಗೇಟಿನಲ್ಲಿ ಟೋಪಿ ಆಡಿತು. ಟೀಚರ್ ಕಿಟಕಿಯಿಂದ ನೋಡಿ ಪಾಠಕ್ಕೆ ತಿರುಗಿಕೊಂಡರು. ಆ ಬೇಸಿಗೆಗೆ ಅವಳ ಓದು ಮುಗಿಯಿತು. ಎಂಟು ವರ್ಷಗಳಿಂದ ಅವಳು ಅಪ್ಪನಿಗೆ ಊಟ ಬಡಿಸಿದ್ದಾಳೆ, ಮಾತ್ರೆ ಕೊಟ್ಟಿದ್ದಾಳೆ, ಮನಸ್ಸು ಬಿಚ್ಚಿ ಒಂದು ಮಾತಾಡಿಲ್ಲ. ಯಾಕೆಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

*

ಇಮಾಮರು ಪೆಟ್ಟಿಗೆಯ ಮುಂದೆ ನಿಂತು ತುರ್ಕಿಯಲ್ಲಿ ಏನೋ ಕೇಳಿದರು. ಹಿಂದಿನಿಂದ ಎರಡೇ ದನಿಗಳು ಉತ್ತರಿಸಿದವು. ಉಳಿದ ಐವತ್ತು ಗಂಡಸರಿಗೆ ಆ ಮಾತು ತಿಳಿಯಲಿಲ್ಲ. ಈ ಊರಿನಲ್ಲಿ ಮಣ್ಣಿಗೆ ಒಯ್ಯುವ ಮುನ್ನ ಇದನ್ನು ಮೂರು ಸಲ ಕೇಳುತ್ತಾರೆ, ಜನ ಮೂರು ಸಲವೂ ಉತ್ತರ ಕೊಡಬೇಕು. ಇಮಾಮರು ಗಾಬರಿಯಿಂದ ಸುತ್ತ ನೋಡಿದರು.

ಮುಂದಿನ ಸಾಲಿನಲ್ಲಿದ್ದ ತಮ್ಮ ನಿಜಾರ್ ಹಿಂದಕ್ಕೆ ತಿರುಗಿ ನಿಂತ. ಅವನು ಇಲ್ಲೇ ಹುಟ್ಟಿದವನು, ಹನ್ನೆರಡು ವರ್ಷ. ತುರ್ಕಿ ನೀರು ಕುಡಿದಂತೆ, ಅರಬಿ ಮಾತ್ರ ಮುಗ್ಗರಿಸಿ ಮುಗ್ಗರಿಸಿ.

"ಅವರು... ನೀವು ಬಿಡ್ತೀರಾ... ಅಪ್ಪನ್ನ..."

"ಎಲ್ಲಿಗೆ ಬಿಡೋದೋ ಮಗಾ?" ಎಂದ ಮುದುಕನೊಬ್ಬ. ನಿಜಾರ್ ಕಿವಿಯವರೆಗೆ ಕೆಂಪಾದ.

"ನುಹಾನ್ನ ಕರೀರಪ್ಪ," ಎಂದರು ಯಾರೋ. "ಜುಮಾನ ಮಗಳೆಲ್ಲಿ?"

ಸಾಲುಗಳು ಬಿರಿದು ದಾರಿ ಕೊಟ್ಟವು. ಅವಳು ನಡೆದು ಬಂದು ಪೆಟ್ಟಿಗೆಯ ಪಕ್ಕ ನಿಂತಳು. ಇಮಾಮರು ಎರಡನೆಯ ಸಲ ಕೇಳಿದರು. ನುಹಾ ಇದ್ದದ್ದನ್ನು ಇದ್ದ ಹಾಗೆ ಅರಬಿಗೆ ತಂದಳು.

"ಇವರಿಂದ ನಿಮಗೆ ಅನ್ಯಾಯ ಆಗಿದ್ರೆ, ನಿಮ್ಮ ಪಾಲಿನದು ಇವರು ಕಿತ್ಕೊಂಡಿದ್ರೆ, ಮಾಫ್ ಮಾಡಿದ್ದೀರಾ?"

"ಮಾಡಿದ್ದೀವಿ!" ಅಂಗಳ ಗುಡುಗಿತು. ಅವರು ಮಾಫ್ ಮಾಡುವುದಕ್ಕೆ ಏನಿತ್ತು? ಬೆಚ್ಚನೆ ರಜಾಯಿ ಹೊದ್ದು ಮಲಗಿದವರು.

ಮೂರನೆಯ ಸಲ ಇಮಾಮರು ಅವಳನ್ನೇ ನೋಡಿದರು. "ನೀನು, ಮಗಳೇ? ನೀನಿನ್ನೂ ಹೇಳಲಿಲ್ಲ."

ತುರ್ಕಿಯಲ್ಲಿ ಒಂದು ಪದ ಸಾಕಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಪೆಟ್ಟಿಗೆಯಲ್ಲಿದ್ದವನಿಗೆ ಆ ಭಾಷೆ ಬರುತ್ತಿರಲಿಲ್ಲ. ನುಹಾ ಹಲಗೆಯ ಮೇಲೆ ಬಾಗಿದಳು.

"ಅಪ್ಪ," ಎಂದಳು ಅರಬಿಯಲ್ಲಿ, "ಆವತ್ತು ಟೀಚರ್ ಹೇಳಿದ್ದು ಅದಲ್ಲ. ನಾನು ನಿಂಗೆ ಸುಳ್ಳು ಹೇಳ್ದೆ. ಮಾಫ್ ಮಾಡಿದ್ದೀನಪ್ಪ. ನೀನೂ ಮಾಡು." ಅಷ್ಟು ಹೊತ್ತಿಗೆ ಅಳು ಉಕ್ಕಿ ಬಂದಿತ್ತು, ಮುಂದಕ್ಕೆ ಒಂದು ಅಕ್ಷರವೂ ಹೊರಡಲಿಲ್ಲ.

ಇಮಾಮರಿಗೆ ಏನೂ ತಿಳಿಯಲಿಲ್ಲ. "ಏನಂದಳು?" ಎಂದರು.

ನಿಜಾರ್ ಅಕ್ಕನ ತುಟಿಯನ್ನೇ ನೋಡುತ್ತ, ಕೇಳಿದ್ದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ ಅವಳ ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡ.

"ಅಕ್ಕ ಏನು ಹೇಳ್ತಾಳೆ ಅಂದ್ರೆ..." ಎಂದು ಶುರುಮಾಡಿದ.