ಅಕ್ಕನ ಹಸಿದ ಕೋಳಿ

ಅಕ್ಕ ಹೋಗಿ ತಿಂಗಳಾದ ಮೇಲೆ ಅವಳ ಎರಡು ಕೋಣೆಗಳನ್ನು ಖಾಲಿ ಮಾಡಲು ಮನೆಯವರೆಲ್ಲ ಸೇರಿದ್ದರು. ಖಾಲಿ ಮಾಡುವುದೆಂದರೆ ಏನು, ಒಂದೊಂದೇ ಸಾಮಾನು ಎತ್ತಿಕೊಳ್ಳುವುದು, ಅದರ ಕಥೆ ಹೇಳುವುದು, ಅಳುವುದು, ಮತ್ತೆ ಅದನ್ನು ಇದ್ದಲ್ಲೇ ಇಡುವುದು. ಮಧ್ಯಾಹ್ನದ ಹೊತ್ತಿಗೆ ಆ ಮನೆಯಿಂದ ಹೊರಗೆ ಹೋಗಿದ್ದು ಒಂದು ಒಡಕು ಬಕೆಟ್ಟು ಮಾತ್ರ.

ಅಕ್ಕನ ತಮ್ಮ ಗಡಿಯಾರ ರಿಪೇರಿಯವನು. ಐವತ್ತು ದಾಟಿ ಮೊನ್ನೆಯಷ್ಟೇ ಅಜ್ಜನಾಗಿದ್ದ. ಆದರೂ ಅಕ್ಕನ ಬಾಯಲ್ಲಿ ಕೊನೆಯವರೆಗೂ ಅವನು ‘ಮರಿ’ಯೇ. ಅಮ್ಮ ತೀರಿಕೊಂಡಾಗ ಅವನಿಗೆ ಮೂಗೊರೆಸಿಕೊಳ್ಳಲೂ ಬರುತ್ತಿರಲಿಲ್ಲ, ತಂಗಿಯಂತೂ ತೊಟ್ಟಿಲಲ್ಲಿದ್ದಳು. ಅಕ್ಕ ಇಬ್ಬರನ್ನೂ ಸೊಂಟಕ್ಕೇರಿಸಿಕೊಂಡವಳು ಮತ್ತೆ ಇಳಿಸಲೇ ಇಲ್ಲ. ಹಗಲೆಲ್ಲ ದರ್ಜಿ ಅಂಗಡಿಯಲ್ಲಿ ಕಾಜ ಹಾಕುತ್ತಿದ್ದಳು. ಸಂಜೆ ಅಲ್ಲಿಂದ ತಂದ ಚೂರುಪಾರು ಬಟ್ಟೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಯಾರಾದರೂ ಮದುವೆಯ ಮಾತೆತ್ತಿದರೆ, "ಮೊದಲು ಈ ಅಂಚು ಮುಗೀಲಿ ಇರಿ" ಅನ್ನುವಳು. ಆ ಅಂಚು ಎಂದಾದರೂ ಮುಗಿಯುತ್ತದೆಯೇ! ಈ ಮನೆಯಲ್ಲಿ ಅವಳ ಕೌದಿ ಹೊದ್ದು ಬೆಳೆಯದ ಒಂದು ಜೀವವೂ ಇಲ್ಲ. ಪ್ರತಿಯೊಂದರಲ್ಲೂ ಅಪ್ಪನ ಹಳೇ ಶರ್ಟಿನ ಒಂದು ತುಂಡು ಇರಲೇಬೇಕು. ಅಪ್ಪನಿಗಿದ್ದ ಬೆರಳೆಣಿಕೆಯ ಶರ್ಟುಗಳು ಅಷ್ಟೊಂದು ಕೌದಿಗೆ ಹೇಗೆ ಸಾಕಾದವೋ, ಅದು ಅವಳಿಗೇ ಗೊತ್ತು.

ಹಸುವಿನಂಥ ಹೆಂಗಸು, ನಿಜ. ಆದರೆ ಸೂಜಿಯ ವಿಷಯಕ್ಕೆ ಬಂದರೆ ಅವಳಷ್ಟು ಹಟಮಾರಿ ಇನ್ನೊಬ್ಬಳಿಲ್ಲ. ಕೆಂಪು ಬಟ್ಟೆಯಲ್ಲಿ ಡೊಳ್ಳುಹೊಟ್ಟೆಯ ಕೋಳಿಯೊಂದನ್ನು ಹೊಲಿದು, ಮರದ ಹೊಟ್ಟು ತುಂಬಿ, ಸೂಜಿಗಳನ್ನೆಲ್ಲ ಅದರ ಬೆನ್ನಿಗೆ ಚುಚ್ಚಿಡುತ್ತಿದ್ದಳು. ಒಂದೊಂದು ಸೂಜಿಗೂ ಒಂದೊಂದು ಬಣ್ಣದ ದಾರ. ಕೆಲಸ ನಿಲ್ಲಿಸಿದಾಗ ಒಂದು ಬಣ್ಣ ಕಾಣಲಿಲ್ಲವೋ, ಮುಗಿಯಿತು ಕಥೆ. "ಕೋಳಿ ಹಸ್ಕೊಂಡಿದೆ, ಯಾರೂ ಏಳ್ಬೇಡಿ!" ಎಂದು ಸಾರುವಳು. ಊಟಕ್ಕೆ ಕೂತವರು ತುತ್ತು ಬಾಯಲ್ಲಿಟ್ಟುಕೊಂಡೇ ಕೂರಬೇಕು. ಅವಳು ಅಂಗೈಯಲ್ಲಿ ನೆಲ ಸವರುತ್ತಾ ಮೂಲೆಮೂಲೆ ಹುಡುಕುವಳು. ಸೂಜಿ ಮುರಿದರಂತೂ ಎರಡು ತುಂಡೂ ಸಿಗಬೇಕು. ಸಿಕ್ಕಮೇಲೆ ಜೋಡಿಸಿ ನೋಡಿ, ಕಿಟಕಿಯಲ್ಲಿದ್ದ ಹಳೇ ಮಾತ್ರೆ ಬಾಟಲಿಗೆ ಹಾಕಿ ಮುಚ್ಚಳ ತಿರುವಿದ ಮೇಲೇ ಅವಳು ಉಸಿರು ಬಿಡುತ್ತಿದ್ದುದು.

ಇಷ್ಟಕ್ಕೆಲ್ಲ ಕಾರಣ ತಮ್ಮನ ಎಡಗಾಲು. ಚಿಕ್ಕವನಿದ್ದಾಗ ಮುರಿದ ಸೂಜಿಯ ತುದಿಯೊಂದು ಅವನ ಹಿಮ್ಮಡಿಗೆ ಹೊಕ್ಕಿತ್ತು. ಹೊಕ್ಕ ಜಾಗದಲ್ಲಿ ಒಂದು ಕೆಂಪು ಚುಕ್ಕೆ, ಅಷ್ಟೇ. ಸೊಳ್ಳೆ ಕಚ್ಚಿದೆ ಅಂದುಕೊಂಡು ಎಲ್ಲರೂ ಸುಮ್ಮನಾದರು. ತುದಿ ಸುಮ್ಮನಿರಲಿಲ್ಲ, ಒಳಗೊಳಗೇ ಮೇಲೇರಿತು. ಕೊನೆಗೆ ಡಾಕ್ಟರು ಕಣಕಾಲಿನ ಹತ್ತಿರ ಕೊಯ್ದು ತೆಗೆಯಬೇಕಾಯಿತು. ಅವನ ತಲೆಯನ್ನು ಎದೆಗವಚಿಕೊಂಡು ಕೂತಿದ್ದ ಅಕ್ಕನ ಹಲ್ಲು ಕಟಕಟ ಅನ್ನುತ್ತಿದ್ದುದು ಅವನಿಗೆ ಇಂದಿಗೂ ಕೇಳಿಸುತ್ತದೆ.

ಈಗ ನೆನಪಿಗಿರಲಿ ಎಂದು ಅವನು ಆ ಕೋಳಿಯನ್ನು ಎತ್ತಿಕೊಂಡ. ಧೂಳು ಊದಿದ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು. ಮತ್ತೊಮ್ಮೆ ನೋಡಿದ.

"ಪುಟ್ಟೀ, ಹಸಿರೆಲ್ಲಿ?"

ತಂಗಿ ಪಾತ್ರೆ ಕಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. "ಯಾವ ಹಸಿರು?"

"ಹಸಿರು ದಾರದ ಸೂಜಿ."

"ಅಯ್ಯೋ, ಗುಡಿಸುವಾಗ ಎಲ್ಲೋ ಹೋಗಿರತ್ತೆ ಬಿಡಣ್ಣ. ನಿಂಗೂ ಅಕ್ಕನ ಚಾಳಿ ಅಂಟಿಕೊಳ್ತಾ?"

ತಂಗಿಯ ಗಂಡ ಬಸ್ ಕಂಡಕ್ಟರ್, ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ಭಾವ, ಕೋಳಿ ಹಸ್ಕೊಂಡಿದ್ರೆ ನಾಕು ಕಾಳು ಹಾಕಿ" ಎಂದ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಒಳಕೋಣೆಯಿಂದ ಮಗು ಕಿಟಾರನೆ ಕಿರುಚಿತು. ತಮ್ಮನ ಮೊಮ್ಮಗು ಅದು. ಅಕ್ಕ ಕೊನೆಯದಾಗಿ ಹೊಲಿದ ಪುಟ್ಟ ಕೌದಿಯನ್ನು ಹೊದ್ದು ಮಲಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅದೇ ಕೌದಿಯನ್ನು ಮಡಿಲಲ್ಲಿಟ್ಟುಕೊಂಡೇ ಅಕ್ಕನ ಉಸಿರು ನಿಂತಿತ್ತು. ಅವಳನ್ನು ಮೊದಲು ಕಂಡವಳು ತಂಗಿ. ಕೌದಿಯ ಒಂದು ಅಂಚು ಗೇಣುದ್ದ ಬಾಯಿಬಿಟ್ಟುಕೊಂಡಿತ್ತು. ಅಕ್ಕನ ಕೆಲಸ ಅರ್ಧಕ್ಕೆ ನಿಲ್ಲಬಾರದು ಎಂದು ಅವತ್ತೇ ಬಿಳಿ ದಾರ ಪೋಣಿಸಿಕೊಂಡು, ಅಳುತ್ತಳುತ್ತಲೇ ಆ ಗೇಣುದ್ದವನ್ನು ಹೊಲಿದು ಮುಚ್ಚಿದ್ದಳು. ಜೀವಮಾನದಲ್ಲಿ ಒಂದು ಗುಂಡಿ ಹಚ್ಚಿದವಳಲ್ಲ. ಹೊಲಿಗೆ ಸೊಟ್ಟಗಿದ್ದರೂ ಅದನ್ನು ಕಂಡವರಿಗೆಲ್ಲ ತೋರಿಸಿದ್ದಳು.

ತಮ್ಮನ ಮಗಳು ಮಗುವನ್ನು ಕೌದಿ ಸಮೇತ ಎತ್ತಿಕೊಂಡು ಬಂದಳು. "ಏನೋ ಗೊತ್ತಿಲ್ಲಪ್ಪ, ವಾರದಿಂದ ಹೀಗೇ. ದೊಡ್ಡತ್ತೆ ಕೌದಿ ಅಂತ ಹೊದಿಸ್ತೀನಿ, ಮಲಗಿದ ಹಾಗೇ ಬೆಚ್ಚಿಬೀಳತ್ತೆ. ಸೊಳ್ಳೆ ಬೇರೆ ಕಚ್ಚಿದೆ, ನೋಡು."

ಮಗುವಿನ ಭುಜದ ಮೇಲೆ ಎರಡು ಕೆಂಪು ಚುಕ್ಕೆ.

ತಮ್ಮ ಬಗ್ಗಿ ನೋಡಿದ. ಕಿಟಕಿ ಮುಚ್ಚಿತ್ತು, ಬಾಗಿಲಿಗೆ ಜಾಲರಿಯಿತ್ತು. ಆ ಮನೆಯಲ್ಲಿ ಬೇರೆ ಯಾರಿಗೂ ಸೊಳ್ಳೆ ಕಚ್ಚಿರಲಿಲ್ಲ.

"ಮೊದ್ಲು ಅದನ್ನ ಬಿಚ್ಚು. ಕೌದಿ ತೆಗಿ ಅಂದ್ನಲ್ಲ!" ಅವನು ಕೂಗಿದ ಕೂಗಿಗೆ ಮಗಳು ಕಕ್ಕಾಬಿಕ್ಕಿಯಾಗಿ ಕೌದಿಯನ್ನು ಅವನ ಕೈಗೆ ಹಾಕಿದಳು. ಅವನು ಬೆರಳಿನಲ್ಲಿ ಹಿಸುಕುತ್ತಾ ಹೋದ. ಮಡಿಕೆ ಮಡಿಕೆ ಬಟ್ಟೆ, ನಡುವೆ ಹತ್ತಿ. ಬೆರಳಿಗೆ ಏನೂ ಹತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಎದುರಿನ ತನ್ನ ಅಂಗಡಿಗೆ ಓಡಿದ. ಕೆಳಗೆ ಬಿದ್ದ ಸ್ಕ್ರೂ ಹುಡುಕಲು, ಗಡಿಯಾರಗಳಿಂದ ದೂರ ಬಾಗಿಲ ಹತ್ತಿರ ತೂಗುಹಾಕಿದ್ದ ಅಯಸ್ಕಾಂತವನ್ನು ಕಿತ್ತುಕೊಂಡು ಬಂದ.

ಕೌದಿಯನ್ನು ನೆಲಕ್ಕೆ ಹಾಸಿ ಅಯಸ್ಕಾಂತವನ್ನು ಮೆಲ್ಲಗೆ ಆಡಿಸಿದ. ಎಲ್ಲರೂ ಸುತ್ತ ಕೂತರು. ಈಗ ಯಾರೂ ನಗಲಿಲ್ಲ. ಅಮ್ಮನ ಬಟ್ಟೆಯ ತುಂಡಿನ ಮೇಲೆ ಏನಿಲ್ಲ. ಹೂವಿನ ತುಂಡಿನ ಮೇಲೆ ಏನಿಲ್ಲ. ಅಪ್ಪನ ಶರ್ಟಿನ ತುಂಡಿಗೆ ಬಂದಾಗ ಬಟ್ಟೆ ತಾನಾಗಿ ಕೊಂಚ ಮೇಲೆದ್ದಿತು.

ಮಗಳು ಮಗುವನ್ನು ಎದೆಗೊತ್ತಿಕೊಂಡಳು.

"ಶರ್ಟಿನ ಒತ್ತುಗುಂಡಿ ಇರಬೇಕು ಭಾವ" ಎಂದ ಕಂಡಕ್ಟರ್. ಅವನ ದನಿ ಮಾತ್ರ ಅವನ ಮಾತನ್ನು ನಂಬಿರಲಿಲ್ಲ.

ತಮ್ಮ ಕತ್ತರಿಗೆ ಕೈಚಾಚಿದ. ತಂಗಿ ಬಂದು ಕೌದಿಯ ಮೇಲೇ ಬಿದ್ದಳು. "ಕತ್ತರಿಸಬೇಡ ಕಣೋ! ಅವಳ ಕೈಯಿಂದ ಬಂದಿದ್ದು ಇದೇ ಕೊನೇದು. ಒಂದು ಗುಂಡಿಗೋಸ್ಕರ ಹರಿದುಹಾಕ್ತೀಯಾ? ಬೇಕಿದ್ರೆ ಮಗೂಗೆ ಹೊದಿಸೋದು ಬೇಡ. ನಾನು ಇಟ್ಕೋತೀನಿ, ನನ್ನ ಹಾಸಿಗೆಗೆ ಹಾಕ್ಕೋತೀನಿ."

"ನಿನ್ನ ಮೈಗೆ ಹೊಕ್ಕರೆ ಪರವಾಗಿಲ್ವಾ? ಅಕ್ಕ ಇದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ಲು ನಿಂಗೆ."

ಆಗ ಅವನಿಗೆ ಬಾಟಲಿಯ ನೆನಪಾಯಿತು. ಎದ್ದು ಕಿಟಕಿಯಿಂದ ತೆಗೆದು ಅಂಗೈಗೆ ಸುರಿದುಕೊಂಡ. ತುಕ್ಕು ಹಿಡಿದ ಹಳೇ ತುಂಡುಗಳ ನಡುವೆ ಒಂದು ಮಾತ್ರ ಹೊಳೆಯುತ್ತಿತ್ತು. ಸೂಜಿಯ ಹಿಂಭಾಗ. ಅದರ ಕಣ್ಣಲ್ಲಿ ಹಸಿರು ದಾರದ ಎಳೆ ಇನ್ನೂ ಹಾಗೇ ಇತ್ತು.

ಚೂಪಾದ ಅರ್ಧ ಬಾಟಲಿಯಲ್ಲಿರಲಿಲ್ಲ.

"ಅವಳಿಗೆ ಗೊತ್ತಿತ್ತು" ಎಂದ ಅವನು. "ಸೂಜಿ ಮುರಿದಿದ್ದು ಅವಳಿಗೆ ಗೊತ್ತಿತ್ತು. ಇನ್ನರ್ಧ ಸಿಗದೆ ಹೋದ್ರೆ ಅವಳು ಹೊಲಿಗೆ ಮುಂದುವರಿಸೋಳಲ್ಲ. ಪುಟ್ಟೀ, ಅವತ್ತು ಅವಳ ಕೈಯಲ್ಲಿ ಏನಿತ್ತು?"

ತಂಗಿ ಅವನ ಮುಖವನ್ನೇ ನೋಡಿದಳು. "ಕತ್ತರಿ."

"ಮಡಿಲಲ್ಲಿ?"

"ದಾರದ ಚೂರು. ತುಂಬಾ ಇತ್ತು. ಹಸಿರು. ಎಲ್ಲಾ ಸುಕ್ಕುಸುಕ್ಕಾಗಿತ್ತು. ನಾನೇ ಗುಡಿಸಿ ಹಾಕಿದೆ."

"ಹೊಸ ದಾರ ಸುಕ್ಕಾಗಿರತ್ತಾ? ಹೊಲಿದು ಬಿಚ್ಚಿದ್ದು ತಾನೇ ಹಾಗಿರೋದು?"

ಅವನು ಕೌದಿಯ ಅಂಚು ತಿರುವಿ ತೋರಿಸಿದ. ಸುತ್ತಲೂ ಅಕ್ಕನ ಹಸಿರು ಹೊಲಿಗೆ, ನಡುವೆ ಗೇಣುದ್ದ ತಂಗಿಯ ಸೊಟ್ಟ ಬಿಳಿ ಹೊಲಿಗೆ. ಆ ಬಿಳಿಯ ಪಕ್ಕದಲ್ಲೇ ಹಳೇ ಹೊಲಿಗೆಯ ಸಣ್ಣ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅಕ್ಕ ಕೌದಿಯನ್ನು ಮುಗಿಸಿಯೇ ಇದ್ದಳು. ಕೊನೆಗೆ ಅವಳು ಕೂತಿದ್ದು ಅದನ್ನು ಬಿಚ್ಚಲು.

"ನಾನು ಮುಚ್ಚಿಬಿಟ್ಟೆ" ಎಂದಳು ತಂಗಿ. "ಅವಳು ಮಗೂಗೋಸ್ಕರ ಬಿಚ್ತಾ ಇದ್ಲು, ನಾನು ಪಾಪಿ ಮುಚ್ಚಿಬಿಟ್ಟೆ."

ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ, ಅದಕ್ಕೆ ಈಗ ಹೊತ್ತಿರಲಿಲ್ಲ. ಅವಳೇ ಕಣ್ಣೊರೆಸಿಕೊಂಡು ಕತ್ತರಿ ಕಿತ್ತುಕೊಂಡಳು. ತನ್ನ ಜೀವಮಾನದ ಆ ಒಂದೇ ಹೊಲಿಗೆಯನ್ನು ಕಚಕಚನೆ ಕತ್ತರಿಸಿದಳು. ತಮ್ಮ ಅಯಸ್ಕಾಂತವನ್ನು ಒಳಗೆ ತೂರಿಸಿದ. ಹತ್ತಿ ಎದ್ದುಬಂತು, ಹತ್ತಿಯ ಜೊತೆ ಏನೋ ಟಿಕ್ ಎಂದು ಅಂಟಿಕೊಂಡಿತು. ಚೂಪು ತುದಿ.

ಕಂಡಕ್ಟರ್ ಉಸ್ಸಪ್ಪ ಎಂದು ನೆಲಕ್ಕೆ ಕೈಯೂರಿ ಏಳಲು ಹೋದ.

"ಕೋಳಿ ಹಸ್ಕೊಂಡಿದೆ, ಯಾರೂ ಏಳ್ಬೇಡಿ!" ತಂಗಿ ಗದರಿದಳು. ಥೇಟ್ ಅಕ್ಕನದೇ ದನಿ. ಅವನು ಕುಕ್ಕರಿಸಿಬಿಟ್ಟ.

ಏಕೆಂದರೆ ಸೂಜಿ ಎರಡೇ ತುಂಡಾಗಬೇಕೆಂದೇನೂ ಇಲ್ಲವಲ್ಲ. ಮೂರಾಗಿದ್ದರೆ? ನಡುವಿನದು ಎಲ್ಲಿ? ಎಲ್ಲರ ಕಣ್ಣೂ ಮಗುವಿನ ಭುಜದ ಮೇಲಿನ ಆ ಎರಡು ಚುಕ್ಕೆಗಳ ಮೇಲೆ ನೆಟ್ಟವು. ತಮ್ಮ ಜೇಬಿನಿಂದ ಕೆಲಸದ ಭೂತಗನ್ನಡಿ, ಚಿಮಟ ತೆಗೆದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಬಿಳಿ ಕಾಗದದ ಮೇಲೆ ಒಂದು ತುಂಡಿಟ್ಟ. ಇನ್ನೊಂದನ್ನು ಚಿಮಟದಲ್ಲಿ ಹಿಡಿದು ಹತ್ತಿರ ತಂದ. ಜಾರಿತು. ಮತ್ತೆ ತಂದ.

ಎರಡೂ ಕೂಡಿದವು. ನಡುವೆ ಎಳೆಯಷ್ಟೂ ಸಂದಿರಲಿಲ್ಲ. ಕೋಳಿಯಿಂದ ಬಿಳಿ ದಾರದ ಸೂಜಿ ಕಿತ್ತು ಪಕ್ಕದಲ್ಲಿಟ್ಟು ಅಳೆದ. ಉದ್ದವೂ ಸರಿಯಾಗಿತ್ತು.

"ಪೂರ್ತಿ ಇದೆ" ಎಂದ. ಮಗಳು ಮಗುವಿನ ಭುಜಕ್ಕೆ ಮುಖವೊತ್ತಿ ಬಿಕ್ಕಿಬಿಕ್ಕಿ ಅತ್ತಳು. ಮಗು ಅವಳ ಕೂದಲು ಹಿಡಿದೆಳೆಯುತ್ತಿತ್ತು.

ತಮ್ಮ ಬಿಳಿ ಸೂಜಿಯನ್ನು ಕೋಳಿಯ ಬೆನ್ನಿಗೆ ಚುಚ್ಚಿದ. ಎರಡು ತುಂಡುಗಳನ್ನೂ ಬಾಟಲಿಗೆ ಹಾಕಿ ಮುಚ್ಚಳ ತಿರುವಿದ. ಆಮೇಲೆ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದ.

"ಸಿಕ್ತು ಅಕ್ಕ" ಎಂದ. "ಇನ್ನು ನೀನು ಏಳಬಹುದು."